ನೂರಕ್ಕೆ ನೂರು ದಾಟಿದ ಬಸುರಿಯರು

ದೇಶದಲ್ಲಿ ಎಷ್ಟು ಹೆಂಗಸರು ಬಸುರಾದರು, ಎಷ್ಟು ಹೆರಿಗೆಯಾದವು, ಎಷ್ಟು ಕೂಸುಗಳು ಉಳಿದವು ಎಂಬ ಸರ್ಕಾರಿ ಲೆಕ್ಕವನ್ನು ನಂಬಬಹುದೇ ಎಂದು ಯಾರಾದರೂ ಕೇಳಿದರೆ ಸಾಕು, ಅದರ ಸಮರ್ಥಕರು ಏಳೆಂಟು ಸಿದ್ಧ ಉತ್ತರಗಳೊಂದಿಗೆ ಎದ್ದು ನಿಲ್ಲುತ್ತಾರೆ. ಒಂದೊಂದನ್ನೇ ಬಿಡಿಯಾಗಿ ಕೇಳಿದರೆ ಪ್ರತಿಯೊಂದೂ ಸರಿಯೆನಿಸುತ್ತದೆ. ಎಲ್ಲವನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟಾಗ ಮಾತ್ರ ಒಂದು ಉತ್ತರ ಇನ್ನೊಂದರ ಕಾಲೆಳೆಯುವುದು ಕಾಣುತ್ತದೆ. ಇಲ್ಲಿ ಮಾಡಿರುವುದು ಅಷ್ಟೇ ಕೆಲಸ. ತೀರ್ಪು ಓದುಗರದು.

ಯಾವ ಲೆಕ್ಕದ ಮಾತು ಇದು? ಒಂದು, 2008ರಲ್ಲಿ ಶುರುವಾದ ಎಚ್‌ಎಂಐಎಸ್. ಉಪಕೇಂದ್ರದಿಂದ ಜಿಲ್ಲಾಸ್ಪತ್ರೆಯವರೆಗೆ ಎಲ್ಲರೂ ತಿಂಗಳಿಗೊಮ್ಮೆ ಮೊತ್ತಗಳನ್ನು ತುಂಬಿ ಕಳಿಸುವ ವ್ಯವಸ್ಥೆ. ಎರಡು, 2009ರ ಕೊನೆಯಲ್ಲಿ ಎಂಸಿಟಿಎಸ್ ಎಂಬ ಹೆಸರಿನಲ್ಲಿ ಹುಟ್ಟಿ ಈಗ ಆರ್‌ಸಿಎಚ್ ಪೋರ್ಟಲ್ ಆಗಿರುವುದು. ಇಲ್ಲಿ ಮೊತ್ತವಿಲ್ಲ, ಒಬ್ಬೊಬ್ಬ ಬಸುರಿಯ ಹೆಸರೇ ಇರುತ್ತದೆ. ಮೂರು, 1969ರ ಕಾಯ್ದೆಯಡಿ ನಡೆಯುವ ಜನನ-ಮರಣ ನೋಂದಣಿ. ಇವು ಮೂರೂ ‘ಎಲ್ಲರನ್ನೂ ಎಣಿಸುತ್ತೇವೆ’ ಎನ್ನುವ ದಾಖಲೆಗಳು. ಇವುಗಳಾಚೆ ಮಾದರಿ ಹಿಡಿದು ಅಂದಾಜು ಮಾಡುವ ಇನ್ನೆರಡಿವೆ: ಎಸ್‌ಆರ್‌ಎಸ್ ಎಂಬ ಮಾದರಿ ನೋಂದಣಿ ವ್ಯವಸ್ಥೆ ಮತ್ತು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಎಣಿಕೆ ಬೇರೆ, ಅಂದಾಜು ಬೇರೆ ಎಂಬ ಈ ಗೆರೆಯನ್ನು ಓದುಗರು ನೆನಪಿನಲ್ಲಿಡಬೇಕು. ಸಮರ್ಥಕರು ಅದನ್ನು ತಮಗೆ ಬೇಕಾದಾಗ ಅಳಿಸುತ್ತಾರೆ, ಬೇಕಾದಾಗ ಎಳೆಯುತ್ತಾರೆ.

ಮೊದಲ ವಾದ: ‘ಈಗ ಎಲ್ಲವೂ ಆನ್‌ಲೈನ್. ಹೆಸರು, ಮೊಬೈಲ್ ನಂಬರು, ಐಡಿ ಸಮೇತ ದಾಖಲಾಗುತ್ತದೆ. ತಪ್ಪು ನುಸುಳಲು ಜಾಗವೇ ಇಲ್ಲ.’ ಆನ್‌ಲೈನ್ ಆಗಿರುವುದು ಕೊನೆಯ ಮೆಟ್ಟಿಲು ಮಾತ್ರ. ಮೊದಲ ಮೆಟ್ಟಿಲಲ್ಲಿ ಆಶಾ ಕಾರ್ಯಕರ್ತೆಯ ಡೈರಿ ಇದೆ, ಅದರ ಮೇಲೆ ಎಎನ್‌ಎಂ ಬರೆಯುವ ರಿಜಿಸ್ಟರು ಮತ್ತು ತಾಯಿ ಕಾರ್ಡು, ಆಮೇಲೆ ನೆಟ್‌ವರ್ಕ್ ಸಿಕ್ಕ ದಿನ ಕುಳಿತು ರಾಶಿಯನ್ನೆಲ್ಲ ಒಟ್ಟಿಗೆ ತುಂಬುವ ಡೇಟಾ ಎಂಟ್ರಿ ಆಪರೇಟರು. ಕೊನೆಯ ಮುಟ್ಟಿನ ದಿನ ಯಾವುದು ಎಂದು ಕೇಳಿದರೆ ‘ಯುಗಾದಿ ಕಳೆದು ಎರಡು ವಾರಕ್ಕೆ’ ಎಂಬ ಉತ್ತರ ಬರುತ್ತದೆ. ಅದು ರಿಜಿಸ್ಟರಿಗೆ ಏರುವಾಗ ಒಂದು ತಾರೀಖಾಗುತ್ತದೆ, ಪೋರ್ಟಲ್ ಅದರಿಂದ ಹೆರಿಗೆಯ ದಿನವನ್ನು ದಿನದ ಲೆಕ್ಕದಲ್ಲಿ ಕರಾರುವಾಕ್ಕಾಗಿ ಹೇಳುತ್ತದೆ. ಅಂದಾಜಿನ ಮೇಲೆ ಕಟ್ಟಿದ ಕರಾರುವಾಕ್ಕುತನ ಇದು. ಉಪಕೇಂದ್ರವೊಂದರ ರಿಜಿಸ್ಟರಿನ ಒಂದು ಪುಟ ನನ್ನ ಕಣ್ಣಿಗೆ ಬಿದ್ದಿತ್ತು: ರಕ್ತದೊತ್ತಡದ ಕಾಲಂನಲ್ಲಿ ಮೇಲಿನಿಂದ ಕೆಳಗಿನವರೆಗೆ 110/70, ನಡುವೆ ಬೇಸರ ಕಳೆಯಲೆಂಬಂತೆ ಒಂದೆರಡು 120/80, ಮಗುವಿನ ತೂಕ 2.5, 3, 2.5, 2.5. ಪೆನ್ನೂ ಒಂದೇ, ಕೈಯೂ ಒಂದೇ. ಪ್ರಾಯಶಃ ಕುಳಿತ ಗಳಿಗೆಯೂ ಒಂದೇ. ಇದನ್ನು ಯಾವ ಸಾಫ್ಟ್‌ವೇರ್ ತಡೆದೀತು? ಹಿಮೋಗ್ಲೋಬಿನ್ 90 ಎಂದು ಒತ್ತಿದರೆ ಅದು ತಿರಸ್ಕರಿಸಬಹುದು; ಪರೀಕ್ಷೆಯನ್ನೇ ಮಾಡದೆ 11 ಎಂದು ಒತ್ತಿದರೆ ಸಂತೋಷವಾಗಿ ಒಪ್ಪಿಕೊಳ್ಳುತ್ತದೆ. ಕಡ್ಡಾಯ ಕಾಲಂ ಖಾಲಿ ಬಿಟ್ಟರೆ ಮುಂದಕ್ಕೆ ಹೋಗಗೊಡದ ಯಂತ್ರ ಖಾಲಿತನವನ್ನು ತಡೆಯುತ್ತದೆ, ಸುಳ್ಳನ್ನಲ್ಲ. ಹಿಂದೆ ರಿಜಿಸ್ಟರಿನಲ್ಲಿ ಖಾಲಿ ಜಾಗವಾದರೂ ಇರುತ್ತಿತ್ತು, ಪರೀಕ್ಷೆ ಆಗಿಲ್ಲವೆಂದು ಅದರಿಂದ ಗೊತ್ತಾಗುತ್ತಿತ್ತು. ಈಗ ಆ ಸುಳಿವೂ ಹೋಯಿತು.

ಎರಡನೆಯದು ಪ್ರಗತಿ ಪರಿಶೀಲನಾ ಸಭೆಗಳ ಅಚ್ಚುಮೆಚ್ಚಿನ ವಾದ: ‘ಗುರಿಯ ನೂರಕ್ಕೆ ನೂರನ್ನೂ ಮೀರಿ ಗರ್ಭಿಣಿಯರ ನೋಂದಣಿ ಆಗಿದೆ. ಒಬ್ಬರೂ ತಪ್ಪಿಸಿಕೊಂಡಿಲ್ಲ.’ ಒಂದು ಊರಿನಲ್ಲಿ ಇರುವ ಬಸುರಿಯರಿಗಿಂತ ಹೆಚ್ಚು ಬಸುರಿಯರು ನೋಂದಾಯಿಸಿಕೊಂಡರು ಎಂದರೆ ಲೆಕ್ಕ ಬಲ್ಲವರು ಗಾಬರಿಯಾಗಬೇಕು, ಇಲ್ಲಿ ಚಪ್ಪಾಳೆ ಬೀಳುತ್ತದೆ. ಈ ‘ಗುರಿ’ ಬರುವುದಾದರೂ ಎಲ್ಲಿಂದ? ಅಂದಾಜು ಜನಸಂಖ್ಯೆಯನ್ನು ಜನನ ಪ್ರಮಾಣದಿಂದ ಗುಣಿಸಿ, ನಷ್ಟವಾಗುವ ಗರ್ಭಗಳಿಗೆಂದು ಶೇ 10 ಕೂಡಿಸುತ್ತಾರೆ. ಆ ಜನಸಂಖ್ಯೆಯ ಬೇರು ಇರುವುದು 2011ರ ಜನಗಣತಿಯಲ್ಲಿ. 2021ರದು ನಡೆಯಲೇ ಇಲ್ಲ. ಆ ಶೇ 10ರ ಕಥೆ ಇನ್ನೂ ಸ್ವಾರಸ್ಯದ್ದು. 2015ರಲ್ಲಿ ಭಾರತದಲ್ಲಿ ಸುಮಾರು 4.81 ಕೋಟಿ ಗರ್ಭಧಾರಣೆಗಳಾದವು, ಅವುಗಳಲ್ಲಿ 1.56 ಕೋಟಿ, ಅಂದರೆ ಮೂರರಲ್ಲಿ ಒಂದು, ಗರ್ಭಪಾತದಲ್ಲಿ ಮುಗಿದವು ಎಂದು ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜಿಸಿತು. ಅದರಲ್ಲಿ ಮುಕ್ಕಾಲು ಪಾಲಿನಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆಯ ಮೂಲಕ. ಅಂದಾಜು ಸ್ವಲ್ಪ ಹೆಚ್ಚು-ಕಡಿಮೆ ಎಂದೇ ಇಟ್ಟುಕೊಳ್ಳೋಣ. ಮೂರರಲ್ಲೊಂದಕ್ಕೂ ಹತ್ತರಲ್ಲೊಂದಕ್ಕೂ ಇರುವ ಅಂತರ ಸ್ವಲ್ಪದ್ದಲ್ಲ. ಛೇದವೇ ಊಹೆಯಾದಾಗ ಅದರ ಮೇಲೆ ನಿಂತ ಶೇಕಡಾವಾರು ಹೊಗಳಿಕೆ ಯಾರಿಗೆ ಸಲ್ಲಬೇಕು?

ಅಂಶದ ಕಡೆಯೂ ತೊಡಕಿದೆ, ಅದು ನಮ್ಮ ಕಡೆಯ ಪದ್ಧತಿಯಿಂದಲೇ ಬಂದದ್ದು. ಚೊಚ್ಚಲ ಬಸುರಿ ಏಳು ತಿಂಗಳು ತುಂಬುತ್ತಲೇ ತವರಿಗೆ ಹೋಗುತ್ತಾಳೆ. ಗಂಡನ ಊರಿನ ಉಪಕೇಂದ್ರದಲ್ಲಿ ಒಂದು ತಾಯಿ ಕಾರ್ಡು ಆಗಿರುತ್ತದೆ. ತವರಿನ ಎಎನ್‌ಎಂ ಹಳೆಯ ಕಾರ್ಡು ಕೇಳಿದರೆ ‘ಅಲ್ಲೇ ಬಿಟ್ಟು ಬಂದೆ ಅಕ್ಕಾ’ ಎನ್ನುತ್ತಾಳೆ. ಇನ್ನೊಂದು ಕಾರ್ಡು ಹುಟ್ಟುತ್ತದೆ. ಎರಡು ನೋಂದಣಿಯನ್ನು ತಡೆಯಲಿಕ್ಕೇ ಪೋರ್ಟಲ್ ಐಡಿ ಇದೆಯಲ್ಲ ಎನ್ನುವವರು ಮೊಬೈಲ್ ನಂಬರಿನ ಕಾಲಂ ನೋಡಬೇಕು: ಅಲ್ಲಿ ಗಂಡನ ನಂಬರು, ಇಲ್ಲಿ ಅಣ್ಣನದು, ಯಾವುದೂ ಸಿಗದಿದ್ದರೆ ಆಶಾ ಕಾರ್ಯಕರ್ತೆಯದೇ ನಂಬರು. ಹೆರಿಗೆ ತವರಿನ ತಾಲ್ಲೂಕಿನಲ್ಲಿ ಆಗುತ್ತದೆ. ಕಾನೂನಿನ ಪ್ರಕಾರ ಜನನ ನೋಂದಣಿಯೂ ಹುಟ್ಟಿದ ಜಾಗದಲ್ಲೇ. ಗಂಡನ ಊರಿನ ಪಟ್ಟಿಯಲ್ಲಿ ಆಕೆ ವರ್ಷಗಟ್ಟಲೆ ಬಸುರಿಯಾಗಿಯೇ ಉಳಿಯುತ್ತಾಳೆ. ಇತ್ತ ಕಬ್ಬು ಕಡಿಯಲು ಬಂದ ಗುಂಪಿನ ಹೆಂಗಸು, ಇಟ್ಟಿಗೆ ಗೂಡಿನವಳು, ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡಿನವಳು ಯಾವ ಪಟ್ಟಿಯಲ್ಲೂ ಇಲ್ಲ. ಇಬ್ಬರಾಗಿ ಎಣಿಕೆಯಾದವಳು ಎಣಿಕೆಗೇ ಸಿಗದವಳ ಜಾಗ ತುಂಬುತ್ತಾಳೆ, ಮೊತ್ತ ಚೆಂದ ಕಾಣುತ್ತದೆ. ಯಾರಿಗೆ ಕಬ್ಬಿಣಾಂಶದ ಮಾತ್ರೆ ತಲುಪಬೇಕಿತ್ತೋ ಅವಳಿಗೆ ಈ ಚೆಂದದ ಮೊತ್ತದಿಂದ ಏನೂ ಆಗಬೇಕಾದದ್ದಿಲ್ಲ.

ಮೂರನೆಯ ವಾದ ಸ್ವಲ್ಪ ಓದಿಕೊಂಡವರದು: ‘ದೊಡ್ಡ ದತ್ತಾಂಶದಲ್ಲಿ ತಪ್ಪುಗಳು ಆ ಕಡೆಗೂ ಈ ಕಡೆಗೂ ಇರುತ್ತವೆ, ಒಂದನ್ನೊಂದು ಕಳೆದುಹಾಕುತ್ತವೆ.’ ಗಾಳಿ ಬಂದತ್ತ ಬೀಳುವ ತಪ್ಪುಗಳಿಗೆ ಇದು ನಿಜ. ಇಲ್ಲಿನ ತಪ್ಪುಗಳಿಗೆ ದಿಕ್ಕಿದೆ. ತೂಕ 2.5 ಕೆ.ಜಿ.ಗಿಂತ ಕಡಿಮೆಯಿದ್ದರೆ ಕಡಿಮೆ ತೂಕದ ಮಗು, ಮತ್ತೆ ಮತ್ತೆ ಮನೆಗೆ ಹೋಗಬೇಕು, ಮೇಲಿನವರಿಗೆ ವರದಿ ಕೊಡಬೇಕು. ಹಾಗಾಗಿ ಮುಳ್ಳು 2.4ರ ಹತ್ತಿರ ನಿಂತರೂ ಕೈ 2.5 ಬರೆಯುತ್ತದೆ, 2.6 ಇದ್ದದ್ದನ್ನು 2.4 ಎಂದು ಬರೆದ ಒಬ್ಬರನ್ನಾದರೂ ತೋರಿಸಲಿ. ಹನ್ನೆರಡು ವಾರದೊಳಗಿನ ನೋಂದಣಿ ಗುರಿಯಾದ ಮೇಲೆ ಮುಟ್ಟಿನ ದಿನ ಮುಂದಕ್ಕೆ ಸರಿಯುತ್ತದೆಯೇ ಹೊರತು ಹಿಂದಕ್ಕಲ್ಲ. ಹದಿನೇಳರ ಹುಡುಗಿ ಬಸುರಾಗಿ ಬಂದರೆ 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮನೆಯವರಿಗೂ ಅದು ಬೇಡ, ಬರೆಯುವವಳಿಗೂ ಬೇಡ. ವಯಸ್ಸಿನ ಕಾಲಂನಲ್ಲಿ 19 ಬೀಳುತ್ತದೆ. ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಹೆಂಗಸರಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಇವರೆಲ್ಲ ಬಸುರಾಗಲು ಹತ್ತೊಂಬತ್ತನೇ ಹುಟ್ಟುಹಬ್ಬಕ್ಕೆ ಕಾಯುತ್ತಾರೆಂದು ನಂಬುವವರು ನಂಬಲಿ.

ಸತ್ತು ಹುಟ್ಟಿದ ಮಕ್ಕಳದು ಇನ್ನೂ ಕಷ್ಟದ ಲೆಕ್ಕ. 1969ರ ಕಾಯ್ದೆ ಮೃತಜನನವನ್ನೂ ನೋಂದಾಯಿಸಬೇಕೆನ್ನುತ್ತದೆ. ಎಷ್ಟು ಮನೆಯವರು ಆ ದುಃಖದಲ್ಲಿ ನೋಂದಣಿ ಕಚೇರಿಗೆ ಹೋಗುತ್ತಾರೆ? ಹೋದರೆ ಸಿಗುವುದಾದರೂ ಏನು, ಶಾಲೆಗೆ ಸೇರಿಸಲು ಪ್ರಮಾಣಪತ್ರವೇ? ಸಾವಿರ ಹೆರಿಗೆಗೆ ನಾಲ್ಕರ ಆಸುಪಾಸು ಎಂದು ಎಸ್‌ಆರ್‌ಎಸ್ ಹೇಳುತ್ತ ಬಂದಿದ್ದರೆ, 2019ಕ್ಕೆ ವಿಶ್ವಸಂಸ್ಥೆಯ ಅಂದಾಜು 14ರ ಹತ್ತಿರ. ಮೂರು ಪಟ್ಟಿಗೂ ಹೆಚ್ಚಿನ ಈ ಅಂತರವನ್ನು ‘ಆ ಕಡೆಗೂ ಈ ಕಡೆಗೂ’ ಎಂಬ ಮಾತು ಮುಚ್ಚಲಾರದು. ಆಸ್ಪತ್ರೆಯಲ್ಲೂ ಒಂದು ಓರೆಯಿದೆ: ಹುಟ್ಟಿ ಎರಡು ಉಸಿರೆಳೆದು ಹೋದ ಕೂಸು ‘ನವಜಾತ ಶಿಶು ಮರಣ’ವಾದರೆ ಪ್ರಶ್ನೆಗಳೇಳುತ್ತವೆ, ‘ಸತ್ತೇ ಹುಟ್ಟಿತು’ ಎಂದರೆ ಕಡಿಮೆ.

ಇದೇ ಸಾಲಿನಲ್ಲಿ ಮಂಡ್ಯದ ಪ್ರಕರಣವನ್ನೂ ನೋಡೋಣ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಹೆಣ್ಣು ಭ್ರೂಣಹತ್ಯೆಯ ಜಾಲವೊಂದನ್ನು ಬಯಲಿಗೆಳೆದಾಗ, ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಹೊರಬಿತ್ತು. ಪೊಲೀಸರ ಪ್ರಕಾರ ಬಲಿಯಾದ ಭ್ರೂಣಗಳು ನೂರಾರು. ಲಿಂಗ ಗೊತ್ತಾಗುವ ಹೊತ್ತಿಗೆ ಮೂರು ತಿಂಗಳು ದಾಟಿರುತ್ತದೆ; ಸಮರ್ಥಕರ ಮಾತೇ ನಿಜವಾದರೆ ಆ ಹೆಂಗಸರೆಲ್ಲ ಅಷ್ಟರಲ್ಲಿ ಪೋರ್ಟಲ್‌ನಲ್ಲಿ ಹೆಸರಿನ ಸಮೇತ ನೋಂದಾಯಿತರು. ನೋಂದಾಯಿತರಾಗಿದ್ದರೆ, ನಾಲ್ಕನೇ ತಿಂಗಳಿಗೆ ಸಾಲುಸಾಲಾಗಿ ಪಟ್ಟಿಯಿಂದ ಮಾಯವಾದ ಬಸುರಿಯರನ್ನು ಯಾರೂ ಏಕೆ ಗಮನಿಸಲಿಲ್ಲ? ನೋಂದಾಯಿತರಾಗಿರದಿದ್ದರೆ, ‘ಒಬ್ಬರೂ ತಪ್ಪಿಸಿಕೊಂಡಿಲ್ಲ’ ಎಂಬ ಎರಡನೆಯ ವಾದದ ಗತಿಯೇನು? ದಾಖಲೆ ಇಲ್ಲ ಎನ್ನಬೇಕು, ಇಲ್ಲವೇ ದಾಖಲೆ ಯಾರಿಗೂ ಬೇಕಿರಲಿಲ್ಲ ಎನ್ನಬೇಕು. ಜಾಲವನ್ನು ಪತ್ತೆ ಮಾಡಿದ್ದು ಪೊಲೀಸರು, ಪೋರ್ಟಲ್ ಅಲ್ಲ.

ನಾಲ್ಕನೆಯ ವಾದ: ‘ನಮ್ಮ ಅಂಕಿಗಳು ಕುಟುಂಬ ಆರೋಗ್ಯ ಸಮೀಕ್ಷೆಗೆ ತಾಳೆಯಾಗುತ್ತವೆ.’ ಯಾವ ಅಂಕಿ? ಆಸ್ಪತ್ರೆಯಲ್ಲಿ ಆದ ಹೆರಿಗೆಯ ಅಂಕಿ ತಾಳೆಯಾಗುತ್ತದೆ, ಒಪ್ಪೋಣ. 2019-21ರ ಸಮೀಕ್ಷೆಯಲ್ಲಿ ಅದು ದೇಶಕ್ಕೆ ಶೇ 88.6, ಕರ್ನಾಟಕಕ್ಕೆ ಶೇ 97. ‘ಹೆರಿಗೆ ಎಲ್ಲಾಯಿತು’ ಎಂಬ ಪ್ರಶ್ನೆಗೆ ಯಾರೂ ತಪ್ಪು ಉತ್ತರ ಕೊಡುವುದಿಲ್ಲ, ಜನನಿ ಸುರಕ್ಷಾ ಹಣವೂ ಅದಕ್ಕೇ ಸಿಗುವುದು. ಬಸುರಿನ ಒಂಬತ್ತು ತಿಂಗಳೊಳಗೆ ಏನೇನು ನಡೆಯಿತು ಎಂಬಲ್ಲಿ ತಾಳೆ ತಪ್ಪುತ್ತದೆ. ಕನಿಷ್ಠ ನಾಲ್ಕು ತಪಾಸಣೆ ಆಯಿತೆಂದು ಸಮೀಕ್ಷೆಯಲ್ಲಿ ಹೇಳಿದ ತಾಯಂದಿರು ದೇಶದಲ್ಲಿ ಶೇ 58.1 ಮಾತ್ರ. ಬಸುರಿಯರಲ್ಲಿ ರಕ್ತಹೀನತೆ ಶೇ 52.2, ಕರ್ನಾಟಕದಲ್ಲಿ ಶೇ 45.7. ಪರೀಕ್ಷೆಯನ್ನೇ ಮಾಡದೆ ಹಿಮೋಗ್ಲೋಬಿನ್ 11, 11, 11 ಎಂದು ತುಂಬಿದ ರಿಜಿಸ್ಟರಿನಿಂದ ಈ ಪ್ರಮಾಣ ಹುಟ್ಟುವುದು ಸಾಧ್ಯವೇ? ಸಮೀಕ್ಷೆಯ ಮೇಲೆ ಇಷ್ಟೊಂದು ಭರವಸೆಯಿದ್ದವರು ಇನ್ನೊಂದಕ್ಕೂ ಉತ್ತರಿಸಬೇಕು: ಆರನೇ ಸುತ್ತಿನಲ್ಲಿ ಹಿಮೋಗ್ಲೋಬಿನ್ ಪರೀಕ್ಷೆಯನ್ನೇ ಕೈಬಿಟ್ಟಿದ್ದೇಕೆ? ಬೆರಳು ಚುಚ್ಚಿ ತೆಗೆದ ರಕ್ತ ಸರಿಯಾದ ಅಳತೆ ಕೊಡುವುದಿಲ್ಲ, ಬೇರೆ ಸಮೀಕ್ಷೆಯಲ್ಲಿ ಅಳೆಯುತ್ತೇವೆ ಎಂಬ ಸಮಜಾಯಿಷಿ ಬಂತು. ವೈಜ್ಞಾನಿಕವಾಗಿ ಅದರಲ್ಲಿ ಹುರುಳಿರಬಹುದು. ಹಾಗಾದರೆ ಅದೇ ಬೆರಳಿನ ರಕ್ತದಿಂದ ಉಪಕೇಂದ್ರದಲ್ಲಿ ಬರೆಯುವ ಹಿಮೋಗ್ಲೋಬಿನ್ ಮಾತ್ರ ಕರಾರುವಾಕ್ಕಾದದ್ದು ಹೇಗೆ? ಸಾಕ್ಷಿ ಪರವಾಗಿ ನುಡಿದಾಗ ಸತ್ಯವಂತ, ವಿರುದ್ಧ ನುಡಿದಾಗ ಅಳತೆ ತಪ್ಪಿದವ.

ಐದನೆಯದು ದೊಡ್ಡ ಅಸ್ತ್ರ: ‘ತಾಯಂದಿರ ಮರಣ ಪ್ರಮಾಣ ಇಳಿಯುತ್ತಿದೆ. ಲಕ್ಷ ಜೀವಂತ ಜನನಗಳಿಗೆ 2014-16ರಲ್ಲಿ 130 ಇದ್ದದ್ದು 2018-20ರಲ್ಲಿ 97. ಆ ಅವಧಿಯಲ್ಲಿ ಕರ್ನಾಟಕದ್ದು 69. ದಾಖಲೆ ಸುಳ್ಳಾಗಿದ್ದರೆ ಇದು ಹೇಗೆ?’ ಇಳಿದಿರುವುದು ನಿಜ, ಅದಕ್ಕಾಗಿ ದುಡಿದವರಿಗೆ ಗೌರವ ಸಲ್ಲಲಿ. ಆದರೆ ಈ ಅಂಕಿ ಪೋರ್ಟಲ್‌ನದಲ್ಲ, ಎಚ್‌ಎಂಐಎಸ್‌ನದಲ್ಲ, ನೋಂದಣಿ ಕಚೇರಿಯದೂ ಅಲ್ಲ. ಅದು ಎಸ್‌ಆರ್‌ಎಸ್‌ನದು. ಎಸ್‌ಆರ್‌ಎಸ್ ಹುಟ್ಟಿದ್ದೇಕೆ? ಅರವತ್ತರ ದಶಕದಲ್ಲಿ ಜನನ-ಮರಣ ನೋಂದಣಿಯನ್ನು ನಂಬಿ ಪ್ರಮಾಣ ಹೇಳಲಾಗದು ಎಂದು ಸರ್ಕಾರವೇ ಒಪ್ಪಿಕೊಂಡದ್ದರಿಂದ. ಇಂದಿಗೂ ನೋಂದಣಿ ಎಷ್ಟು ಪೂರ್ಣ ಎಂದು ಹೇಳಬೇಕಾದರೆ ರಿಜಿಸ್ಟ್ರಾರ್ ಜನರಲ್ ಕಚೇರಿ ಎಸ್‌ಆರ್‌ಎಸ್ ಜನನ ಪ್ರಮಾಣದ ಅಳತೆಗೋಲನ್ನೇ ಹಿಡಿಯುತ್ತದೆ. 2019ರ ಜನನಗಳಲ್ಲಿ ಶೇ 92.7 ನೋಂದಾಯಿತ ಎಂಬ ಅಂಕಿ ಬಂದದ್ದು ಹಾಗೆ. ಎಣಿಕೆಯ ದಾಖಲೆ ಸರಿಯೆಂದು ಸಾಧಿಸಲು, ಅದು ಸರಿಯಿಲ್ಲವೆಂದೇ ಹುಟ್ಟಿದ ವ್ಯವಸ್ಥೆಯನ್ನು ಸಾಕ್ಷಿಗೆ ಕರೆಯುವ ಧೈರ್ಯವನ್ನು ಮೆಚ್ಚಲೇಬೇಕು.

ಎಸ್‌ಆರ್‌ಎಸ್‌ಗೆ ತೂಕ ಬಂದದ್ದು ಅದು ಕೆಲಸ ಮಾಡುವ ರೀತಿಯಿಂದ. ಆರಿಸಿದ ಹಳ್ಳಿ ಅಥವಾ ವಾರ್ಡಿನಲ್ಲಿ ಸ್ಥಳೀಯ ಗಣತಿದಾರರೊಬ್ಬರು ಹುಟ್ಟು-ಸಾವುಗಳನ್ನು ಆಗಿಂದಾಗ್ಗೆ ಬರೆಯುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಬಂದು, ಆ ಪಟ್ಟಿಯನ್ನು ನೋಡದೆ, ಮನೆಮನೆಗೆ ಹೋಗಿ ತಾವೇ ಬೇರೆ ಪಟ್ಟಿ ಮಾಡುತ್ತಾರೆ. ಆಮೇಲೆ ಎರಡನ್ನೂ ಸಾಲಿಗೆ ಸಾಲು ಹೊಂದಿಸಿ, ಹೊಂದದ್ದನ್ನು ಮತ್ತೆ ಸ್ಥಳಕ್ಕೆ ಹೋಗಿ ಪರಿಶೀಲಿಸುತ್ತಾರೆ. ಇದರ ಹಿಂದಿನ ಗಣಿತವನ್ನು ಚಂದ್ರಶೇಖರನ್ ಮತ್ತು ಡೆಮಿಂಗ್ 1949ರಲ್ಲೇ ಪ್ರಕಟಿಸಿದ್ದರು, ಕಲ್ಕತ್ತಾ ಬಳಿಯ ಸಿಂಗೂರಿನ ಹಳ್ಳಿಗಳ ಪಟ್ಟಿಗಳನ್ನು ಇಟ್ಟುಕೊಂಡು: ಎರಡು ಸ್ವತಂತ್ರ ಪಟ್ಟಿಗಳಲ್ಲಿ ಎಷ್ಟು ಹೊಂದುತ್ತವೆ ಎಂದು ಗೊತ್ತಾದರೆ, ಇಬ್ಬರ ಕಣ್ಣಿಗೂ ಬೀಳದವು ಎಷ್ಟಿರಬಹುದೆಂದು ಅಂದಾಜಿಸಬಹುದು. ನಮ್ಮ ಪೋರ್ಟಲ್‌ನಲ್ಲಿ ಎರಡನೆಯ ಪಟ್ಟಿಯೇ ಇಲ್ಲ. ಕೆಲಸ ಮಾಡುವವಳೇ ಎಣಿಸುತ್ತಾಳೆ, ಎಣಿಕೆಯ ಮೇಲೆ ಅವಳ ಕೆಲಸವನ್ನು ಅಳೆಯುತ್ತಾರೆ. ಪರೀಕ್ಷೆ ಬರೆದವನ ಕೈಗೇ ಉತ್ತರ ಪತ್ರಿಕೆ ತಿದ್ದಲು ಕೊಟ್ಟಂತೆ.

ಮರಣದ ಮಾತು ಬಂದದ್ದರಿಂದ ಬಳ್ಳಾರಿಯನ್ನೂ ನೆನೆಯಬೇಕು. 2024ರ ನವೆಂಬರಿನಲ್ಲಿ ಅಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡ ಮೇಲೆ ಸರ್ಕಾರ ರಾಜ್ಯದ ತಾಯಂದಿರ ಸಾವುಗಳ ಆಡಿಟ್ ಮಾಡಿಸಿತು. ಒಳ್ಳೆಯದೇ. ಆದರೆ ಪ್ರತಿಯೊಬ್ಬ ತಾಯಿಯ ಸಾವಿನ ಪರಾಮರ್ಶೆ ಆಗಬೇಕೆಂಬ ಕೇಂದ್ರದ ಮಾರ್ಗಸೂಚಿ 2010ರಿಂದಲೇ ಇದೆಯಲ್ಲ? ಅದು ಹೇಳಿದಂತೆ ನಡೆದಿದ್ದರೆ ಆಡಿಟ್ ಆಗಲೇ ಕಡತಗಳಲ್ಲಿ ಕುಳಿತಿರಬೇಕಿತ್ತು, ಹೊಸದಾಗಿ ಆದೇಶಿಸುವ ಪ್ರಮೇಯ ಎಲ್ಲಿಂದ ಬಂತು?

ಆರನೆಯ ವಾದ ಭಾವನಾತ್ಮಕ: ‘ಅಂಕಿಗಳನ್ನು ಶಂಕಿಸುವುದು ಬಿಸಿಲು-ಮಳೆಯೆನ್ನದೆ ದುಡಿಯುವ ಆಶಾ ಕಾರ್ಯಕರ್ತೆಯರಿಗೆ ಮಾಡುವ ಅವಮಾನ.’ ಆಶಾ ಕಾರ್ಯಕರ್ತೆಯರು ಸ್ವತಃ ಏನು ಹೇಳುತ್ತಾರೆ ಕೇಳೋಣ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಅಹೋರಾತ್ರಿ ಧರಣಿ ಕೂತಾಗ, ತಿಂಗಳಿಗೆ 15,000 ರೂಪಾಯಿ ಗೌರವಧನದ ಜೊತೆಗೆ ಇನ್ನೊಂದು ಬೇಡಿಕೆಯೂ ಇತ್ತು: ಆರ್‌ಸಿಎಚ್ ಪೋರ್ಟಲ್‌ಗೂ ತಮ್ಮ ಪ್ರೋತ್ಸಾಹಧನಕ್ಕೂ ಇರುವ ನಂಟನ್ನು ಕಡಿಯಿರಿ. ಕಾರಣ ಸರಳ. ಬಸುರಿಯ ಮನೆಗೆ ಹೋಗಿ, ಹೆರಿಗೆಗೆ ಕರೆದೊಯ್ದು, ಬಾಣಂತಿಯನ್ನು ನೋಡಿಕೊಂಡು ಬಂದರೂ ಪೋರ್ಟಲ್‌ನಲ್ಲಿ ಅದು ಏರಿರುವುದಿಲ್ಲ, ಏರದ ಕೆಲಸಕ್ಕೆ ದುಡ್ಡಿಲ್ಲ. ಈಗ ಸಮರ್ಥಕರು ಒಂದನ್ನು ಆರಿಸಿಕೊಳ್ಳಲಿ. ಪೋರ್ಟಲ್ ಎಲ್ಲವನ್ನೂ ಸರಿಯಾಗಿ ಹಿಡಿಯುತ್ತದೆ ಎಂದರೆ ಧರಣಿ ಕೂತ ಸಾವಿರಾರು ಹೆಂಗಸರು ಸುಳ್ಳುಗಾರ್ತಿಯರು. ಅವರು ಹೇಳಿದ್ದು ನಿಜವೆಂದರೆ ಪೋರ್ಟಲ್ ತಪ್ಪು. ದುಡ್ಡು ಕೊಡುವ ಮುಂದೆ ‘ನಿನ್ನ ಎಂಟ್ರಿ ಆಗಿಲ್ಲ’, ಸದನದಲ್ಲಿ ಉತ್ತರಿಸುವಾಗ ‘ಎಲ್ಲ ಎಂಟ್ರಿ ಆಗಿದೆ’ ಎನ್ನುವ ಎರಡು ನಾಲಿಗೆ ಸಾಗದು. ಅವಮಾನ ಮಾಡಿದವರು ಯಾರೆಂದು ಓದುಗರೇ ಹೇಳಲಿ.

‘ಯಾವ ದೇಶದ ದಾಖಲೆಯೂ ಪರಿಪೂರ್ಣವಲ್ಲ’ ಎಂಬ ಏಳನೆಯ ವಾದಕ್ಕೆ ಹೆಚ್ಚು ಜಾಗ ಬೇಕಿಲ್ಲ. ನಾರ್ವೆ ತನ್ನ ವೈದ್ಯಕೀಯ ಜನನ ನೋಂದಣಿಯನ್ನು ಬಸುರಿಯರಿಗೆ ಕೊಟ್ಟ ಥಾಲಿಡೊಮೈಡ್ ಮಾತ್ರೆಯ ದುರಂತದಿಂದ ಪಾಠ ಕಲಿತು 1967ರಲ್ಲಿ ಶುರುಮಾಡಿತು. ಅಲ್ಲೂ ತಪ್ಪುಗಳಿವೆ. ಅವು ನಮಗೆ ಗೊತ್ತಿರುವುದು ಆಸ್ಪತ್ರೆಯ ಕಡತಗಳ ಜೊತೆ ತಾಳೆ ನೋಡಿ, ಯಾವ ಕಾಲಂ ಎಷ್ಟು ನಂಬಿಕೆಗೆ ಅರ್ಹ ಎಂದು ಅವರೇ ಪ್ರಕಟಿಸುವುದರಿಂದ. ತಪ್ಪನ್ನು ಅಳೆದು ಹೇಳುವವರನ್ನು, ತಪ್ಪೇ ಇಲ್ಲ ಎನ್ನುವವರು ತಮ್ಮ ನೆಂಟರೆಂದು ಹೇಳಿಕೊಳ್ಳಬಾರದು. ಅಲ್ಲದೆ ಮೊದಲ ವಾದದಲ್ಲಿ ‘ತಪ್ಪಿಗೆ ಜಾಗವೇ ಇಲ್ಲ’ ಎಂದವರು ಇದೇ ಜನ.

ಕೊನೆಗೆ ಉಳಿಯುವುದು ಸವಾಲು ಮತ್ತು ನುಣುಚು. ಸವಾಲು: ‘ತಪ್ಪೆನ್ನುವವರು ಪುರಾವೆ ಕೊಡಲಿ.’ ಪುರಾವೆಯನ್ನು ಸಿಎಜಿಯೇ ಕೊಟ್ಟಿದೆ. ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯ ಕಾರ್ಯಕ್ರಮದ ಮೇಲಿನ 2017ರ ಅದರ ವರದಿ, ಎಚ್‌ಎಂಐಎಸ್‌ನಲ್ಲಿ ತೋರಿಸಿದ ಅಂಕಿಗಳಿಗೂ ಆಸ್ಪತ್ರೆಗಳ ಮೂಲ ರಿಜಿಸ್ಟರುಗಳಿಗೂ ಹೊಂದಿಕೆಯಿಲ್ಲದ್ದನ್ನು ಎತ್ತಿ ತೋರಿಸಿತ್ತು. ಅದು ಹಳೆಯದಾಯಿತು ಎನ್ನುತ್ತಾರೆ. ಹೊಸದನ್ನು ಕೊಡಿ ಎಂದರೆ ನುಣುಚು ಶುರು: ‘ತಾಯಂದಿರ ಮಾಹಿತಿ ಗೋಪ್ಯ. ತೆರೆಯಲಾಗದು.’ ಹೆಸರು ಯಾರೂ ಕೇಳಿಲ್ಲ. ಒಂದು ತಾಲ್ಲೂಕು, ಮೂರು ತಿಂಗಳು. ಆರ್‌ಸಿಎಚ್ ಪೋರ್ಟಲ್‌ನಲ್ಲಿ ಎಷ್ಟು ಹೆರಿಗೆ, ಜನನ ನೋಂದಣಿಯಲ್ಲಿ ಎಷ್ಟು ಮಗು, ಸರ್ಕಾರಿ-ಖಾಸಗಿ ಎರಡೂ ಸೇರಿ ಆಸ್ಪತ್ರೆಗಳ ಹೆರಿಗೆ ರಿಜಿಸ್ಟರಿನಲ್ಲಿ ಎಷ್ಟು, ಮೂರರಲ್ಲೂ ಒಂದಕ್ಕೊಂದು ಹೊಂದಿದವು ಎಷ್ಟು. ಖಾಸಗಿ ಎಂದು ಒತ್ತಿ ಹೇಳಲು ಕಾರಣವಿದೆ: ಕರ್ನಾಟಕದ ಹೆರಿಗೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ನಡೆಯುವುದು ಅಲ್ಲಿ. ಸಿಂಗೂರಿನಲ್ಲಿ ಕಂಪ್ಯೂಟರಿಲ್ಲದ ಕಾಲದಲ್ಲಿ ಕಾಗದ-ಪೆನ್ಸಿಲಿನಿಂದ ಆದ ಕೆಲಸ ಇದು. ನಾಲ್ಕು ಸಂಖ್ಯೆಗಳನ್ನು ಪ್ರಕಟಿಸಿದರೆ ಯಾವ ಬಾಣಂತಿಯ ಗುಟ್ಟು ರಟ್ಟಾಗುತ್ತದೆ?